ಕೇಳೋಕೋ, ತೋರಿಸೋಕೋ?

ವೈಟ್‌ಫೀಲ್ಡಿನ ಫ್ಲ್ಯಾಟುಗಳಲ್ಲಿ ಒಂದು ತಮಾಷೆ ನೋಡಿದೀನಿ. ಲಕ್ಷ ಸುರಿದು ಸ್ಪೀಕರ್ ತರ್ತಾರೆ, ತಂದು ಟಿವಿ ಯೂನಿಟ್ಟಿನ ಗೂಡಿಗೆ ತುರುಕ್ತಾರೆ. ಆಮೇಲೆ "ಮಗಾ, ಬೇಸ್ ಬರೀ ಗುಂಯ್ ಅನ್ನುತ್ತೆ, ಆಂಪ್ಲಿಫೈಯರ್ ಬದಲಾಯಿಸ್ಬೇಕು" ಅಂತ ಗೋಳು.

ಬದಲಾಯಿಸಬೇಕಿರೋದು ಜಾಗ ಸ್ವಾಮಿ! ಗೋಡೆಗೆ ಹತ್ತಿರವಾದಷ್ಟೂ ಬೇಸ್ ಉಬ್ಬುತ್ತೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ಗೋಡೆಯಿಂದ 2 ಅಡಿ ಮುಂದಕ್ಕೆ ಎಳೀರಿ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನವಾಗಲಿ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಹಾಡುವವರು ನಟ್ಟನಡುವೆ ಬಂದು ನಿಂತಂತಾಗುತ್ತೆ. ಇದಕ್ಕೆ ಇಎಂಐ ಬೇಕಿಲ್ಲ.

"ಹಾಲ್ ಚಿಕ್ಕದು, ಓಡಾಡೋಕೇ ಜಾಗ ಇಲ್ಲ" ಅಂತೀರಾ? ಊರಲ್ಲಿ ರಾತ್ರಿ ಚಾಪೆ ಹಾಸಿ ಬೆಳಗ್ಗೆ ಸುತ್ತಿಡ್ತಿರಲಿಲ್ವಾ? ಹಾಗೇ, ಕೇಳುವಾಗ ಎಳ್ಕೊಳ್ಳಿ, ಮುಗಿದ ಮೇಲೆ ತಳ್ಳಿ. ನಾನು ಮಾಡೋದೂ ಅದನ್ನೇ.

ಇನ್ನೊಂದು ಮಾತು. ಪಕ್ಕದ ಮನೆಯವರದ್ದೂ ಆಗಿರೋ ಗೋಡೆಗೆ ಸಬ್‌ವೂಫರ್ ಒರಗಿಸಬೇಡಿ. ಸಣ್ಣ ಸದ್ದನ್ನು ಗೋಡೆ ತಡೆದೀತು, ಬೇಸನ್ನು ತಡೆಯೋದು ಕಷ್ಟ. ಆ ಕಡೆ ನೈಟ್ ಶಿಫ್ಟ್ ಮುಗಿಸಿ ಈಗಷ್ಟೇ ಕಣ್ಣು ಮುಚ್ಚಿದ ಜೀವ ಇರಬಹುದು.

ಬಂದವರಿಗೆ ತೋರಿಸೋಕೆ ತಂದಿದ್ದರೆ ಶೋಕೇಸಲ್ಲೇ ಇರಲಿ. ಕೇಳೋಕೆ ತಂದಿದ್ದರೆ, ಇವತ್ತೇ ಅಳತೆ ಟೇಪು ಹುಡುಕಿ.