ರೈತನ ಮಕ್ಕಳ ವಿದ್ಯಾರ್ಥಿವೇತನವೂ ಪಹಣಿಯ ಹೆಸರೂ

ವರ್ಷವರ್ಷವೂ ಕಾಲೇಜುಗಳು ತೆರೆಯುವ ಕಾಲಕ್ಕೆ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂಥ ಹೋಬಳಿಗಳ ರೈತರ ಮನೆಗಳಲ್ಲಿ ಒಂದು ಕಠಿಣವಾದ ಲೆಕ್ಕಾಚಾರ ನಡೆಯುತ್ತದೆ. ಮಗಳಿಗೆ ಮೈಸೂರಿನಲ್ಲೋ ಮಂಡ್ಯದಲ್ಲೋ ಸ್ಥಾನ ದೊರೆತಿದೆ. ಶುಲ್ಕವನ್ನು ಗಡುವಿನೊಳಗೆ ಕಟ್ಟಬೇಕು. ಕಬ್ಬು ಮಾತ್ರ ಇನ್ನೂ ಗದ್ದೆಯಲ್ಲಿದೆ. ಕಬ್ಬನ್ನು ಒಪ್ಪಿಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿದೆ. ಆ ವಿಧಿ ಎಷ್ಟರಮಟ್ಟಿಗೆ ಪಾಲಿತವಾಗುತ್ತಿದೆಯೆಂಬುದನ್ನು ಮಂಡ್ಯ ಜಿಲ್ಲೆಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಬಡ ವಿದ್ಯಾರ್ಥಿಗಳಿಗೆ ಸಹಾಯವೇ ಇಲ್ಲವೆಂದರೆ ಸತ್ಯಕ್ಕೆ ಅಪಚಾರವಾದೀತು. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಸ್ವಾತಂತ್ರ್ಯಕ್ಕೂ ಮೊದಲೇ, 1944ರಲ್ಲಿ ಆರಂಭವಾಯಿತು. ಹಾಸ್ಟೆಲು ದೊರೆಯದ ಹಿಂದುಳಿದ ವರ್ಗದವರ ಊಟವಸತಿಗಾಗಿ ವಿದ್ಯಾಸಿರಿಯು ತಿಂಗಳಿಗೆ 1500 ರೂ.ಗಳಂತೆ ಹತ್ತು ತಿಂಗಳ ಲೆಕ್ಕದಲ್ಲಿ ಮೊದಲಾಯಿತು. ವಾರಾನ್ನ ಉಂಡು, ಬೀದಿಯ ದೀಪದಡಿ ಓದಿ ದೊಡ್ಡವರಾದವರ ಕಥೆಗಳನ್ನು ಸಭೆಗಳಲ್ಲಿ ಹೇಳಿ ಹೆಮ್ಮೆಪಡುವವರು ಇನ್ನೂ ಇದ್ದಾರೆ. ಹಾಗೆ ಓದಲಾರದೆ ಊರಿಗೆ ಹಿಂದಿರುಗಿದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ರೈತರ ಮಕ್ಕಳಿಗೆಂದೇ 2021ರಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವಿದ್ಯಾನಿಧಿಯನ್ನು ಘೋಷಿಸಿದರು. ಸಾಮಾನ್ಯ ಪದವಿ ತರಗತಿಗಳಿಗೆ ವರ್ಷಕ್ಕೆ ಹುಡುಗರಿಗೆ 5000, ಹುಡುಗಿಯರಿಗೆ 5500 ರೂ.; ವೈದ್ಯಕೀಯ, ಇಂಜಿನಿಯರಿಂಗ್ ಮತ್ತು ಸ್ನಾತಕೋತ್ತರ ವ್ಯಾಸಂಗಗಳಿಗೆ ಅನುಕ್ರಮವಾಗಿ 10,000 ಮತ್ತು 11,000 ರೂ. ಎಂದು ನಿಗದಿಯಾಯಿತು. ಉದ್ದೇಶವು ಸ್ತುತ್ಯವಾದುದೇ. ಹಣವನ್ನು ಮಧ್ಯವರ್ತಿಗಳಿಲ್ಲದೆ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಸಂದಾಯ ಮಾಡುವ ಏರ್ಪಾಡೂ ಮೆಚ್ಚತಕ್ಕದ್ದು.

ಆದರೆ ರೈತನೆಂದರೆ ಯಾರು? ಸರ್ಕಾರದ ಫ್ರೂಟ್ಸ್ ದಾಖಲೆಯಲ್ಲಿ ಜಮೀನಿನೊಡನೆ ಹೆಸರು ನೋಂದಾಯಿತವಾದವನೇ ರೈತನು. ಆ ನೋಂದಣಿಗೆ ಪಹಣಿಯು ಆಧಾರ. ನಮ್ಮ ಹಳ್ಳಿಗಳಲ್ಲಿ ಪಹಣಿಯು ಇಂದಿಗೂ ಅಜ್ಜನ ಹೆಸರಿನಲ್ಲಿರುವುದು ಅಪರೂಪವಲ್ಲ. ಅಜ್ಜನು ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ, ಅಣ್ಣತಮ್ಮಂದಿರಲ್ಲಿ ವಿಭಾಗವಾಗಿರುವುದಿಲ್ಲ, ಪೌತಿ ಖಾತೆಗೆ ಒಬ್ಬನು ಸಹಿ ಹಾಕಿದರೆ ಇನ್ನೊಬ್ಬನು ಹಾಕುವುದಿಲ್ಲ, ಮದುವೆಯಾಗಿ ಹೋದ ಅಕ್ಕತಂಗಿಯರ ಒಪ್ಪಿಗೆಯೂ ಬೇಕು. ಈ ನಡುವೆ ಹೊಲವನ್ನು ಉಳುವವನು ಮಗನು. ಸಾಲ ತೀರಿಸುವವನೂ ಅವನೇ. ದಾಖಲೆಯಲ್ಲಿ ಮಾತ್ರ ಅವನು ರೈತನಲ್ಲ. 2022ರಲ್ಲಿ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಈ ಸಹಾಯವನ್ನು ವಿಸ್ತರಿಸುವುದಾಗಿ ಸರ್ಕಾರದವರು ಸಾರಿದರು. ಇವನು ಭೂರಹಿತನೂ ಅಲ್ಲ, ಭೂಮಿಯುಳ್ಳವನೂ ಅಲ್ಲ. ಮಳೆ, ಬೆಲೆ, ಕಾಲುವೆಯ ನೀರು ಇವುಗಳೊಡನೆ ಹೆಣಗುವವನು ಮಗಳ ಓದಿಗಾಗಿ ಸತ್ತ ತಂದೆಯ ಹೆಸರಿನೊಡನೆಯೂ ಹೆಣಗಬೇಕಾಗಿದೆ.

ಎರಡನೆಯ ದೋಷವು ಕಾಲದ್ದು. ಶುಲ್ಕವು ಮೊದಲು, ವಿದ್ಯಾರ್ಥಿವೇತನವು ಆಮೇಲೆ. ಸೇರಿದ ಮೇಲಲ್ಲವೇ ಅರ್ಜಿ. ಅರ್ಜಿಯಾದ ಮೇಲಲ್ಲವೇ ಪರಿಶೀಲನೆ. ಆ ಅವಧಿಯನ್ನು ತುಂಬುವವನು ಕೈಸಾಲ ಕೊಡುವವನು. ಸಹಾಯದ ಹಣ ಕೊನೆಗೆ ಬಂದಾಗ ಅದು ಬಡ್ಡಿಗೆ ಸಲ್ಲುತ್ತದೆ.

ಬ್ಯಾಂಕುಗಳ ಸಾಲವಿದೆಯಲ್ಲ ಎನ್ನುವವರಿಗೆ ಒಂದು ಮಾತು. ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ಅಂಗೀಕರಿಸಿದ ವಿದ್ಯಾಲಕ್ಷ್ಮಿ ಯೋಜನೆಯು ಆಸ್ತಿಯ ಅಡಮಾನವಾಗಲಿ ಜಾಮೀನುದಾರನಾಗಲಿ ಇಲ್ಲದೆ ಸಾಲ ಕೊಡಿಸುವುದಾದರೂ, ಅದನ್ನು ರೂಪಿಸಿದುದು ಉನ್ನತ ದರ್ಜೆಯ ಸುಮಾರು 860 ಸಂಸ್ಥೆಗಳ ಲೆಕ್ಕದಲ್ಲಿ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಎ. ಓದುವವಳಿಗೆ ಅದರಿಂದ ಏನು ಪ್ರಯೋಜನ? ಬಡವನ ಮಗಳು ಮೊದಲ ಸಂಬಳಕ್ಕೆ ಮುನ್ನವೇ ಸಾಲಗಾರಳಾಗುವುದೂ ಹಿತವಲ್ಲ.

ಸರ್ಕಾರದವರಲ್ಲಿ ನಮ್ಮ ಅರಿಕೆ ದೊಡ್ಡದೇನಲ್ಲ. ಪಹಣಿಯು ಹಿರಿಯರ ಹೆಸರಿನಲ್ಲಿರುವ ಕಡೆ, ಗ್ರಾಮ ಆಡಳಿತಾಧಿಕಾರಿಗಳು ಸ್ಥಳಪರಿಶೀಲನೆ ಮಾಡಿ ಕೊಡುವ ಸಾಗುವಳಿಯ ದೃಢೀಕರಣವನ್ನೂ ವಂಶವೃಕ್ಷವನ್ನೂ ವಿದ್ಯಾರ್ಥಿವೇತನದ ಮಟ್ಟಿಗಾದರೂ ಒಪ್ಪತಕ್ಕದ್ದು. ಇದರಿಂದ ಜಮೀನಿನ ಹಕ್ಕು ಯಾರಿಗೂ ಸಲ್ಲುವುದಿಲ್ಲ. ದಾಯಾದಿಗಳು ಭಯಪಡಬೇಕಾದ ಕಾರಣವೂ ಇಲ್ಲ. ಎರಡನೆಯ ವರ್ಷದಿಂದ ಹೊಸ ಅರ್ಜಿಗೆ ಕಾಯದೆ, ವಿದ್ಯಾರ್ಥಿಯು ತೇರ್ಗಡೆಯಾದೊಡನೆ ಹಣ ಸಲ್ಲಬೇಕು. ಮೊದಲ ವರ್ಷದ ಪರಿಶೀಲನೆಯನ್ನು ಪಿ.ಯು. ತರಗತಿಯಲ್ಲಿರುವಾಗಲೇ ಹೋಬಳಿಯ ನಾಡಕಚೇರಿಯಲ್ಲಿ ಮುಗಿಸಿಟ್ಟರೆ, ಸ್ಥಾನ ದೊರೆತ ದಿನ ಆ ಚೀಟಿಯನ್ನು ತೋರಿಸಿ ಅವಳು ಕಾಲೇಜಿಗೆ ಸೇರಬಹುದು.