ಕಡಲ ಮೇಲಿನ ನೀಲಿ ಗೆರೆ

ರಫ್ತಿನ ಮಾತೆತ್ತಿದವರೆಲ್ಲ ಈಗ ಒಂದು ನಕ್ಷೆ ತೆರೆದು ತೋರಿಸುತ್ತಾರೆ. ಅಂತರ್ಜಾಲದ ಈ ನಕ್ಷೆಗೆ ಎರಡು ಬಂದರುಗಳ ಹೆಸರು ಕೊಟ್ಟರೆ ಸಾಕು. ಸಮುದ್ರದ ಮೇಲೆ ನೀಲಿ ಗೆರೆಯೊಂದು ಮೂಡಿ, ಇಷ್ಟು ನಾಟಿಕಲ್ ಮೈಲು, ಇಷ್ಟು ದಿನ ಎಂದು ಲೆಕ್ಕ ಒಪ್ಪಿಸುತ್ತದೆ. ಹಾವೇರಿಯ ರೈತನಿಗೂ ರಾಣೆಬೆನ್ನೂರಿನ ವ್ಯಾಪಾರಿಗೂ ಅದನ್ನು ತೋರಿಸಿ, ‘ಕಾರವಾರ ನಿಮ್ಮ ಮಗ್ಗುಲಲ್ಲೇ ಇದೆ, ಜಗತ್ತಿನ ಪೇಟೆಗೆ ದಾರಿ ತೆರೆದಿದೆ’ ಎಂದು ಉಪದೇಶಿಸುವವರಿಗೆ ಕೊರತೆಯಿಲ್ಲ. ನಕ್ಷೆಯ ಮೇಲೆ ನನಗೆ ಹಗೆಯಿಲ್ಲ. ಅದರ ಗೆರೆಯನ್ನೇ ದಾರಿಯೆಂದು ನಂಬಿಸುವ ಪಾಂಡಿತ್ಯದ ಮೇಲೆ ಇದೆ.

ಆ ಲೆಕ್ಕವಾದರೂ ಎಂಥದು? ದೂರವನ್ನು ವೇಗದಿಂದ ಭಾಗಿಸಿದ್ದು, ಅಷ್ಟೇ. ಮುಂಬಯಿಯಿಂದ ರಾಟರ್‌ಡ್ಯಾಮಿಗೆ ಸುಯೆಜ್ ಕಾಲುವೆಯ ಮೂಲಕ ಸುಮಾರು 6,300 ನಾಟಿಕಲ್ ಮೈಲು. 14 ನಾಟ್ ವೇಗಕ್ಕೆ ಹತ್ತೊಂಬತ್ತು ದಿನ. ನಡುವೆ ಹಡಗು ಎಷ್ಟು ಬಂದರು ಮುಟ್ಟುತ್ತದೆ, ಕೊಲಂಬೊದಲ್ಲೋ ಜೆಬೆಲ್ ಅಲಿಯಲ್ಲೋ ಸರಕು ಇನ್ನೊಂದು ಹಡಗಿಗಾಗಿ ಎಷ್ಟು ದಿನ ಕಾಯುತ್ತದೆ ಎಂಬುದು ಭಾಗಾಕಾರಕ್ಕೆ ತಿಳಿಯದು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿ ತೊಡಗಿದ ಮೇಲೆ ಅನೇಕ ಕಂಪನಿಗಳ ಹಡಗುಗಳು ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋದವು. ನಾಲ್ಕು ಸಾವಿರಕ್ಕೂ ಹೆಚ್ಚು ಮೈಲಿನ ಬಳಸು, ಹತ್ತು ಹದಿನಾಲ್ಕು ದಿನಗಳ ವಿಳಂಬ. ನಕ್ಷೆಯಲ್ಲಿ ಒಂದು ಗುಂಡಿ ಒತ್ತಿದರೆ ಸುಯೆಜ್ ಮಾಯವಾಗುತ್ತದೆ. ಏರಿದ ಬಾಡಿಗೆ, ಏರಿದ ವಿಮೆ ಯಾವ ಗುಂಡಿಗೂ ಮಾಯವಾಗಲಿಲ್ಲ.

ಇನ್ನು ಕಾರವಾರ. ಕಡಲ ಮಗುವೆಂದರೆ ಅದೇ, ಸಹಜ ರೇವು, ಒಪ್ಪೋಣ. ಆದರೆ ಅಲ್ಲಿ ಇಳಿಯುವುದು ಹೆಚ್ಚಾಗಿ ಡಾಂಬರು, ತೈಲ. ಕಂಟೇನರ್ ಹಡಗುಗಳ ನಿಯಮಿತ ಸಂಚಾರವೇ ಇಲ್ಲದ ಬಂದರಿನಿಂದ ಗೆರೆ ಎಳೆದು ಯಾರಿಗೇನು ಫಲ? ಬ್ಯಾಡಗಿಯ ಮೆಣಸಿನಕಾಯಿ ಅದಕ್ಕೇ ದಕ್ಷಿಣಕ್ಕೆ ಲಾರಿ ಹತ್ತುತ್ತದೆ. ಅದರ ಕೆಂಪನ್ನು ಹಿಂಡಿ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳು ಕೊಚ್ಚಿಯ ಆಸುಪಾಸಿನಲ್ಲಿವೆ. ಹಡಗೇರುವಾಗ ಅದು ಮೆಣಸಿನಕಾಯಿಯಾಗಿ ಉಳಿದಿರುವುದಿಲ್ಲ, ಬ್ಯಾಡಗಿಯ ಹೆಸರೂ ಅದಕ್ಕಿರುವುದಿಲ್ಲ. 2011ರಲ್ಲಿ ಬಂದ ಭೌಗೋಳಿಕ ಗುರುತಿನ ಮಾನ್ಯತೆ ಘಟ್ಟದ ಇತ್ತಲೇ ನಿಂತಿತು.

ಹೆಸರಿನ ಮಾತು ಬಂದಿತಾದ್ದರಿಂದ ಒಂದು ಹಳೆಯ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ನಾಡಹತ್ತಿಯನ್ನು ಮುಂಬಯಿಯ ಪೇಟೆ ‘ಕುಮಟಾ ಹತ್ತಿ’ ಎಂದು ಕರೆಯುತ್ತಿತ್ತು. ಕುಮಟೆಯಲ್ಲಿ ಬೆಳೆದದ್ದಲ್ಲ, ಎತ್ತುಗಳ ಮೇಲೆ ಘಟ್ಟ ಇಳಿದು ಅಲ್ಲಿ ಹಡಗು ಹತ್ತಿದ್ದು. ಮಳೆಗಾಲದಲ್ಲಿ ಬಾಗಿಲು ಮುಚ್ಚುವ ಬಯಲು ರೇವು ಅದು. ಆದರೂ ಅದಕ್ಕೆ ಹೆಸರು ತಂದುಕೊಟ್ಟದ್ದು ನೆಲದ ದಾರಿ. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಮ್ಯಾಂಚೆಸ್ಟರಿನವರ ಕಣ್ಣು ಕಾರವಾರದ ಮೇಲಿತ್ತು. ಆದರೆ ಘಟ್ಟವೇರುವ ರೈಲು ಬಂದದ್ದು 1880ರ ದಶಕದ ಕೊನೆಗೆ, ಮಾರ್ಮುಗೋವಾದಿಂದ. ಹತ್ತಿಯೂ ರೈಲಿನ ಹಿಂದೆ ಹೋಯಿತು. ಕಾರವಾರದ ಆಸೆ ಹೊತ್ತ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ 1990ರ ದಶಕದಲ್ಲಿ ಮಂಜೂರಾಗಿ ಇಂದಿಗೂ ಕಾಡಿನ ತಕರಾರಿನಲ್ಲಿ ನಿಂತಿದೆ. ಕಾಡನ್ನು ಕಡಿಯಿರೆಂದು ನಾನು ಹೇಳುತ್ತಿಲ್ಲ. ಇಲ್ಲದ ರೈಲನ್ನು ಇದೆಯೆಂಬಂತೆ ಲೆಕ್ಕ ಹಾಕಬೇಡಿರೆಂದು ಹೇಳುತ್ತಿದ್ದೇನೆ.

ಇದು ಬರಿಯ ಭೂಗೋಳದ ಜಗಳವಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಯಿತು, ವಾಹನಗಳು ಸುಟ್ಟವು. ಕೆಂಪು ಸಮುದ್ರವೇ ಅದಕ್ಕೆ ಕಾರಣವೆನ್ನಲಾರೆ. ಆದರೆ ದರ ಬಿದ್ದಾಗಲೆಲ್ಲ ‘ನೇರ ರಫ್ತು ಮಾಡಿರಿ’ ಎಂಬ ಉಪದೇಶ ಏಳುತ್ತದೆ, ಜೊತೆಗೆ ಈ ನಕ್ಷೆಯೂ ಏಳುತ್ತದೆ. ಅದನ್ನು ನಂಬಿ ಗೆರೆಯ ದಿನಗಳ ಮೇಲೆ ಕರಾರು ಬರೆದುಕೊಟ್ಟ ಸಣ್ಣ ವ್ಯಾಪಾರಿಯ ಸರಕು ಬಂದರಿನಲ್ಲಿ ಕೊಳೆಯುವಾಗ, ತಡದ ದಂಡ ತೆರುವವನು ಅವನೇ, ಉಪದೇಶಕನಲ್ಲ.

ರೈತನ ಮುಂದೆ ಇಡಬೇಕಾದದ್ದು ಹಡಗು ಹೊರಡುವ ತಾರೀಖು, ಬಾಡಿಗೆ, ಕಾಯುವ ದಿನಗಳ ಪಟ್ಟಿ. ಅದರ ಮೊದಲ ಸಾಲಿನಲ್ಲಿ ಬ್ಯಾಡಗಿಯ ಅಂಗಳದಿಂದ ಬಂದರಿನ ಬಾಗಿಲ ತನಕದ ಲಾರಿ ಖರ್ಚು ಬರಲಿ. ನಕ್ಷೆ ಅದಕ್ಕೆ ಲಗತ್ತಾಗಿರಲಿ.