ಕಲಂ ಹೋಯಿತು, ಕೇಸು ಹೋಗಲಿಲ್ಲ

‘377 ಹೋಗಿ ಎಷ್ಟ್ ವರ್ಷ ಆತು, ಇನ್ನೂ ಯಾಕ ಅದನ್ನ ಹಿಡಕೊಂಡು ಕುಂತೀ ದೋಸ್ತ?’ ಅಂತ ಹುಬ್ಬಳ್ಳಿಯ ಗೆಳೆಯನೊಬ್ಬ ಕೇಳಿದ. ಉತ್ತರ ಸ್ವಲ್ಪ ಉದ್ದ, ಅದಕ್ಕೇ ಈ ಪೋಸ್ಟ್.

ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದು 1862ರಲ್ಲಿ. ಆಗ ನಮ್ಮ ಹುಬ್ಬಳ್ಳಿ-ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಬ್ರಿಟಿಷರ ಕಾನೂನು ನೇರವಾಗಿ ನಮ್ಮ ತಲೆ ಮೇಲೆ ಬಂತು. 377ನೇ ಕಲಮಿನಲ್ಲಿ ‘ಒಪ್ಪಿಗೆ’ ಅನ್ನೋ ಮಾತೇ ಇರಲಿಲ್ಲ. ಇಬ್ಬರು ವಯಸ್ಕ ಗಂಡಸರು ಒಪ್ಪಿ ಕೂಡಿದರೂ ಹತ್ತು ವರ್ಷದವರೆಗೆ ಜೈಲು, ಇಲ್ಲವೇ ಜೀವಾವಧಿ!

ಇದೆಲ್ಲ ಅಜ್ಜನ ಕಾಲದ ಕಥೆ ಅಂದುಕೊಳ್ಳಬೇಡಿ. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಅಂದಿತ್ತು. ಆದರೂ 2013ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಹಾಸನದಲ್ಲಿ ಪೊಲೀಸರು ಹನ್ನೆರಡಕ್ಕೂ ಹೆಚ್ಚು ಗಂಡಸರನ್ನು ಇದೇ ಕಲಮಿನಡಿ ಬಂಧಿಸಿದರು. ಮರುತಿಂಗಳು, ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟ್ ದೆಹಲಿಯ ಆ ತೀರ್ಪನ್ನೇ ರದ್ದು ಮಾಡಿತು. ಶಿಕ್ಷೆ ಆಗುತ್ತೋ ಇಲ್ಲವೋ ಆಮೇಲಿನ ಮಾತು. ಹಾಸನದಂಥ ಊರಲ್ಲಿ, ಇಂಥ ಕೇಸಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಿದ ಸುದ್ದಿ ಮನೆಗೆ, ಕೆಲಸದ ಜಾಗಕ್ಕೆ ಮುಟ್ಟೋದಕ್ಕೆ ಎಷ್ಟು ಹೊತ್ತು ಬೇಕು?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊನೆಗೂ ತಪ್ಪು ತಿದ್ದಿತು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ಬರೆದರು. ಎಲ್ಲ ಪೇಪರಲ್ಲೂ ಆ ಮಾತು ಬಂತು. ಆದರೆ ಅದೇ ತೀರ್ಪಿನಲ್ಲಿ ಅವರೇ ಬರೆದ ಇನ್ನೊಂದು ಮಾತನ್ನು ಹೆಚ್ಚಿನವರು ಓದಲಿಲ್ಲ: ನಡೀತಿರೋ ಕೇಸುಗಳಿಗೆ ಈ ತೀರ್ಪಿನ ಲಾಭ ಸಿಗುತ್ತೆ, ಮುಗಿದ ಕೇಸುಗಳನ್ನು ಮತ್ತೆ ತೆರೆಯುವಂತಿಲ್ಲ.

ಅಂದರೆ ಅಪರಾಧವೇ ಅಲ್ಲದ್ದಕ್ಕೆ ಅಪರಾಧಿ ಅನ್ನಿಸಿಕೊಂಡವನು ದಾಖಲೆಯಲ್ಲಿ ಅಪರಾಧಿಯಾಗೇ ಉಳಿದ. ಬಗ್ ಫಿಕ್ಸ್ ಮಾಡಿ, ಅದರಿಂದ ಹಾಳಾದ ಡೇಟಾ ಹಾಗೇ ಬಿಟ್ಟರೆ ನಮ್ಮ ಆಫೀಸಲ್ಲಿ ಯಾರೂ ಟಿಕೆಟ್ ಕ್ಲೋಸ್ ಮಾಡೋಕೆ ಬಿಡಲ್ಲ :)

ಬೇರೆ ದೇಶಗಳು ಏನು ಮಾಡಿದವು ನೋಡಿ. ನಮಗೆ ಈ ಕಾನೂನು ಕೊಟ್ಟ ಇಂಗ್ಲೆಂಡ್ 1967ರಲ್ಲೇ ತನ್ನಲ್ಲಿ ಅದನ್ನು ಸಡಿಲಿಸಿ, 2017ರಲ್ಲಿ ಸತ್ತುಹೋದವರಿಗೂ ಕ್ಷಮಾದಾನ ಕೊಟ್ಟಿತು. ಜರ್ಮನಿ ಅದೇ ವರ್ಷ ಹಳೇ ಶಿಕ್ಷೆಗಳನ್ನೇ ರದ್ದು ಮಾಡಿ, ಪ್ರತಿ ಶಿಕ್ಷೆಗೆ 3,000 ಯೂರೋ, ಜೈಲಲ್ಲಿ ಕಳೆದ ಪ್ರತಿ ವರ್ಷಕ್ಕೆ 1,500 ಯೂರೋ ಪರಿಹಾರ ಇಟ್ಟಿತು.

ನನಗಂತೂ ಜರ್ಮನಿಯದೇ ಸರಿ ಅನ್ನಿಸುತ್ತೆ. ತಪ್ಪೇ ಮಾಡದವನಿಗೆ ಕ್ಷಮಾದಾನ ಯಾಕೆ? ಅವನ ಹೆಸರಿನ ಮೇಲಿನ ಕೇಸು ಅಳಿಸಿ, ಸಾಕು. ಅಳಿಸಬೇಕಾದ್ದು ಇತಿಹಾಸವಲ್ಲ, ಸರ್ಕಾರ.

ನೀವೇನಂತೀರಿ?